ಮನೆ ದಾಟಿದ ಸೈರನ್

ಅಮ್ಮ,

ಇವತ್ತು ನಮ್ಮ ಆಫೀಸಿನಲ್ಲಿ ನಿನ್ನ ಆಂಬುಲೆನ್ಸ್ ಕೆಲಸಕ್ಕೆ ಬಂತು. ನಗಬೇಡ, ಪೂರ್ತಿ ಕೇಳು.

ಎಲ್ಲೋ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು, ಅದರಿಂದೆದ್ದ ಗುರುತ್ವದ ಅಲೆ ನಮ್ಮ ಯಂತ್ರಕ್ಕೆ ಸಿಕ್ಕಿದೆ. ಅಲೆಯ ಶ್ರುತಿ ತಗ್ಗಿನದು. ಕುಳಿಗಳು ವಿಪರೀತ ತೂಕದವಾದರೆ ಹಾಗಾಗುತ್ತದೆ; ಅವು ನಮ್ಮಿಂದ ದೂರ ಓಡುತ್ತಿದ್ದರೂ ಹಾಗೇ ಆಗುತ್ತದೆ.

"ಓಡ್ತಿದ್ರೆ ಶ್ರುತಿ ಯಾಕೆ ತಗ್ಗುತ್ತೆ ಅಂತ ಪೇಪರಿನವರಿಗೆ ಹೇಗಪ್ಪಾ ಹೇಳೋದು?" ಎಂದು ನಮ್ಮ ಮೇಡಂ ತಲೆ ಕೆರೆದುಕೊಂಡರು.

ನಾನು ಚಿಕ್ಕಂದಿನ ನಮ್ಮ ಮನೆಯ ಮಹಡಿ ಕಿಟಕಿಯ ಕಥೆ ಹೇಳಿದೆ. ಕೆಳಗೆ ನಿನ್ನ ಗಾಡಿ ಬಂದರೆ ಸಾಕು, "ಹುಷಾರಾಗಿ ಓಡಿಸಮ್ಮಾ" ಎಂದು ಕೂಗುತ್ತಿದ್ದೆನಲ್ಲ. ಬರುವಾಗ ಕೀರಲಾಗಿದ್ದ ಸೈರನ್ ಮನೆ ದಾಟಿದೊಡನೆ ದಪ್ಪಗಾಗುತ್ತಿತ್ತು. ನನ್ನ ಬಿಟ್ಟು ಹೋಗೋಕೆ ಅದಕ್ಕೆ ಬೇಜಾರಾ ಎಂದು ಕೇಳಿದ್ದಕ್ಕೆ ನೀನು ನಕ್ಕುಬಿಟ್ಟೆ.

"ಅಯ್ಯೋ ಪೆದ್ದಿ, ಗಾಡಿ ಒಳಗೆ ಅದು ಒಂದೇ ಥರ ಕೂಗ್ತಿರುತ್ತೆ. ನಾನು ದೂರ ಹೋಗ್ತಿರ್ತೀನಲ್ಲ, ಅದಕ್ಕೇ ನಿಂಗೆ ಹಾಗೆ ಕೇಳ್ಸುತ್ತೆ."

ಮೇಡಂ ನಿನ್ನ ಮಾತನ್ನು ಹಾಗೇ ಬರೆದುಕೊಂಡರು. ಒಬ್ಬರೂ ತಕರಾರು ತೆಗೆಯಲಿಲ್ಲ. ನಿನ್ನೆದುರು ವಾದ ಮಾಡಿ ಗೆದ್ದವರಾದರೂ ಯಾರಿದ್ದಾರೆ?

ನಿನ್ನನ್ನೇ ಆಂಬುಲೆನ್ಸಿನಲ್ಲಿ ಮಲಗಿಸಿ ಕರೆದೊಯ್ದ ದಿನ ಆ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಆ ಮಾತು ಈಗ ಬೇಡ.

ಈಚೆಗೆ ನಿನ್ನ ದನಿ ನೆನಪಿನಲ್ಲಿ ತಗ್ಗುತ್ತಾ ಬಂದಿತ್ತು. ಒಂದು ದಿನ ಪೂರಾ ನಿಂತೇಹೋದೀತೆಂದು ಹೆದರಿದ್ದೆ. ಇವತ್ತು ನನ್ನ ಬಾಯಲ್ಲಿ ನಿನ್ನ ಮಾತು ಬಂದಾಗ ಆ ಹೆದರಿಕೆ ಬಿಟ್ಟುಹೋಯಿತು. ಗಾಡಿಯೊಳಗೆ ನಿನ್ನ ದನಿ ಇನ್ನೂ ಒಂದೇ ಥರ ಇದೆ.

ಹುಷಾರಾಗಿ ಓಡಿಸಮ್ಮಾ.