ತಳದಲ್ಲಿ ಒಂದು ಸೌಟು

ಜೂನ್ 19, ಮಧ್ಯಾಹ್ನ

ನಾಲ್ಕನೇ ಸಲ ಕುದುರೆ ಹಾಲು ಕರೆದಾಯಿತು. ಇನ್ನೆರಡು ಸಲ ಬಾಕಿ. ಕರೆಯುವವರು ಈ ಬಿಡಾರದ ಹಿರಿಯಮ್ಮ ಉಲ್ಕಾನ್ ಅಪಾ, ನಾನು ಬರೀ ಮರಿ ಹಿಡಿಯುವವಳು, ಆದರೂ ರಟ್ಟೆ ಬಿದ್ದುಹೋಗಿದೆ. ಮರಿ ಮೊದಲು ಬಾಯಿ ಹಾಕಬೇಕು. ತಾಯಿ ಹಾಲು ಬಿಟ್ಟ ಕೂಡಲೇ ಎಳೆಯಬೇಕು, ಆದರೆ ಪಕ್ಕದಲ್ಲೇ ನಿಲ್ಲಿಸಿಕೊಂಡಿರಬೇಕು. ಮರಿ ಕಣ್ಣಿಗೆ ಕಾಣದಿದ್ದರೆ ಹೆಣ್ಣುಕುದುರೆ ತೊಟ್ಟು ಹಾಲು ಕೊಡುವುದಿಲ್ಲ. ಇವತ್ತು ಕಂದು ಮರಿ ನನ್ನ ಕಾಲನ್ನೇ ತುಳಿಯಿತು. ಅಪಾಗೆ ನಗುವೋ ನಗು.

"ಹನ್ನೊಂದು ವರ್ಷ ಆಸ್ಪತ್ರೇಲಿ ಕತ್ತರಿ ಬೇಯಿಸಿದ ಕೈ ಇದು. ಜೀವ ಇರೋದನ್ನ ಹಿಡಿಯಕ್ಕೆ ಎಲ್ಲಿ ಬರತ್ತೆ!"

ನಾನೂ ನಕ್ಕೆ. ಕೆಮ್ಮದೆ ನಕ್ಕೆ — ಅದು ವಿಶೇಷ. ಚಳಿಗಾಲದಿಂದ ಬಿಡದ ಕೆಮ್ಮು, ಡಾಕ್ಟರ್ ಬೆಟ್ಟಕ್ಕೆ ಹೋಗಿ ಕಿಮಿಜ್, ಅಂದರೆ ಹುಳಿ ಬರಿಸಿದ ಕುದುರೆ ಹಾಲು, ಕುಡಿ ಅಂದಿದ್ದರು. ಅಪಾ ಮಗ ಎಸೆನ್ ಫೋನಿನಲ್ಲೇ ಎಲ್ಲ ಹೇಳಿಬಿಟ್ಟಿದ್ದ. "ಸಂಬಳ ಅಂತ ಇಲ್ಲ ಅಕ್ಕ. ಗುಡಾರದಲ್ಲಿ ಹಾಸಿಗೆ, ಮೂರು ಹೊತ್ತು ಊಟ, ಬೇಕಾದಷ್ಟು ಕಿಮಿಜ್. ಕೆಲಸ ಮಾತ್ರ ಮನೆಯವರ ಥರಾನೇ." ಬಿಷ್ಕೆಕ್‌ನಲ್ಲಿ ಬಾಡಿಗೆ ರೂಮಿಗೆ ಬೀಗ ಹಾಕಿ ಬಂದೆ. ಬಂದು ಎರಡು ವಾರ.

ಜೂನ್ 22

ಗೆಸ್ಟ್‌ಗಳು ಒಂಬತ್ತು ಜನ ಪ್ರವಾಸಿಗರು. ಆರು ಗುಡಾರವೂ ಭರ್ತಿ. ಬೆಳಗ್ಗೆಯಿಂದ ಕಂಬಳಿ ಒದರಿದ್ದು, ಒಲೆಗೆ ಬೆರಣಿ ಹೊತ್ತದ್ದು, ಎಸೆನ್ ಹೆಂಡತಿ ಬುರುಲ್ ಜೊತೆ ಹಿಟ್ಟು ನಾದಿ ಬೋರ್ಸೋಕ್ ಕರಿದದ್ದು. ಬುರುಲ್ ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ಹತ್ತು ಪಟ್ಟು ಚುರುಕು.

ಸಂಜೆ ಅಪಾ ನನ್ನನ್ನು ಸಬಾ ಮುಂದೆ ಕೂರಿಸಿಕೊಂಡರು. ಕುದುರೆ ಚರ್ಮದ ದೊಡ್ಡ ಚೀಲ, ನನ್ನ ಎದೆಮಟ್ಟ. ಕರೆದ ಹಾಲೆಲ್ಲ ಅದರೊಳಕ್ಕೆ. ಕಡೆಗೋಲಿನಲ್ಲಿ ದಿನಕ್ಕೆ ಸಾವಿರ ಸಲ ಕಡೆಯಬೇಕು. ಬೇಸಿಗೆಯ ಮೊದಲಲ್ಲಿ ಚೀಲಕ್ಕೆ ಕಡ್ಡಿ ಹೊಗೆ ಹಿಡಿಸಿರುತ್ತಾರೆ, ಆ ವಾಸನೆ ಹಾಲಿಗೂ ಇಳಿಯುತ್ತದೆ. ಒಳಗೆ ಹಳೆಯ ಹೆಪ್ಪು.

"ಇದು ನಮ್ಮತ್ತೆ ಹೆಪ್ಪು. ಅವಳಿಗೆ ಅವಳತ್ತೆ ಕೊಟ್ಟಿದ್ದು. ಯುದ್ಧದ ವರ್ಷ ಕುದುರೆಗಳನ್ನೆಲ್ಲ ಸೈನ್ಯಕ್ಕೆ ಹೊಡ್ಕೊಂಡು ಹೋದ್ರಲ್ಲ, ಆಗ ಹಸುವಿನ ಹಾಲು ಕುಡಿಸಿ ಉಳಿಸಿದ್ಲು ನಮ್ಮತ್ತೆ. ಮಕ್ಕಳಿಗಿಲ್ಲದ ಹಾಲು ಇದಕ್ಕೆ."

ಚಳಿಗಾಲದಲ್ಲಿ ಪುಟ್ಟ ಮೇಕೆ ಚರ್ಮದ ಚೀಲದಲ್ಲಿ ಇಟ್ಟುಕೊಂಡು ಕಾಯುತ್ತಾರಂತೆ. ಮೇ ತಿಂಗಳಲ್ಲಿ ಮೇಲೆ ಬಂದ ಕೂಡಲೇ ಎಲ್ಲವನ್ನೂ ಸಬಾಗೆ ಸುರಿಯುತ್ತಾರೆ. ಆ ಹೆಪ್ಪು ಬೇರೆ ಎಲ್ಲೂ ಇಲ್ಲ.

ಜೂನ್ 26, ಬೆಳಗ್ಗೆ

ಅಪಾ ಕೆಳಗಿನ ಊರು ಕೊಚ್‌ಕೋರ್‌ಗೆ ಹೊರಟರು. ಅಲ್ಲಿ ಅವರ ಅಕ್ಕ, ಎಂಬತ್ತರ ಮೇಲಾಗಿದೆ. ಈಗ ಯಾರ ಗುರುತೂ ಹತ್ತುವುದಿಲ್ಲವಂತೆ. "ಮೊದಲು ಹೋಗಿದ್ದು ನಾಲಿಗೆ. ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ. ಆಮೇಲೆ ಹೆಸರುಗಳು ಹೋದ್ವು. ಆಮೇಲೆ ನಾನೂ ಹೋದೆ." ತಲೆಗೆ ಬಿಳಿ ವಸ್ತ್ರ ಬಿಗಿಯುತ್ತಾ ಅಂದರು, ನನ್ನ ಕಡೆ ನೋಡದೆ.

ಸಬಾವನ್ನು ನನಗೆ ಒಪ್ಪಿಸಿದರು. ಬುರುಲ್‌ಗಲ್ಲ, ನನಗೆ! "ಅವಳಿಗೆ ಒಲೆ, ಗೆಸ್ಟು, ನೂರೆಂಟು. ನೀನು ಕಡಿ ಮಗಳೇ. ಒಂದೇ ಒಂದು ಮಾತು — ಎಷ್ಟು ಜನ ಬಂದ್ರೂ ಪೂರ್ತಿ ಬರಿದು ಮಾಡ್ಬೇಡ. ತಳದಲ್ಲಿ ಯಾವಾಗ್ಲೂ ಒಂದು ಸೌಟು ಇರ್ಲಿ."

ಹೆಮ್ಮೆಯಿಂದ ಬೀಗಿದೆ. ಮಗಳೇ ಅಂತ ಕರೆಯುವವರು ನನಗೆ ಬೇರೆ ಯಾರಿದ್ದಾರೆ.

ಜೂನ್ 27, ಸಂಜೆ

ಸೈಕಲ್ ಮೇಲೆ ಬಂದ ಡಚ್ ಗೆಸ್ಟ್ ಹುಡುಗಿಗೆ ಬೆಳಗ್ಗೆಯಿಂದ ಹೊಟ್ಟೆ ಕೆಟ್ಟಿದೆ. ಐದು ಸಲ ಓಡಿದಳು. ನಿನ್ನೆ ಎರಡು ಬಟ್ಟಲು ಕಿಮಿಜ್ ಕುಡಿದಿದ್ದಳು.

ಬುರುಲ್ ತಲೆ ಕೆಡಿಸಿಕೊಳ್ಳಲಿಲ್ಲ. "ಮೊದಲನೇ ಸಲ ಕುಡಿದೋರಿಗೆಲ್ಲ ಹಂಗೇ ಅಕ್ಕ. ನಾಳೆ ಸರಿಹೋಗ್ತಾಳೆ. ನಿಮಗೂ ಆಗಿರಲಿಲ್ವಾ?"

ಆಗಿತ್ತು. ಆದರೂ ಸಬಾ ಬಾಯಿ ಬಿಚ್ಚಿ ನೋಡಿದೆ. ಅಂಚಿನಲ್ಲಿ ಬಿಳಿ ಹಕ್ಕಳೆ. ಒಂದು ಸತ್ತ ನೊಣ. ನಮ್ಮ ವಾರ್ಡಿನಲ್ಲಿ ಇಂಥದ್ದೊಂದನ್ನು ಕಂಡಿದ್ದರೆ ಹೆಡ್ ನರ್ಸ್ ನನ್ನನ್ನು ಹುರಿದು ತಿನ್ನುತ್ತಿದ್ದರು. ತೊಳೆಯೋಣ ಅನ್ನಿಸಿತು. ಒಳ್ಳೆಯದಕ್ಕೇ ಅನ್ನಿಸಿತು. ಅಪಾ ಬಂದು ನೋಡಿ ಖುಷಿಪಡುತ್ತಾರೆ ಅಂತಲೂ.

ಗೆಸ್ಟ್ ಕುಡಿದು ತಳದಲ್ಲಿ ಉಳಿದದ್ದನ್ನು ಬಕೆಟ್ಟಿಗೆ ಬಗ್ಗಿಸಿದೆ. ಅಷ್ಟರಲ್ಲಿ ಕುದುರೆ ಮೇಯಿಸುವವರು ಎಂಟು ಜನ ಬಂದು ಕುಡಿದು ಖಾಲಿ ಮಾಡಿ ಹೋದರು. ಆದರೆ ಅದಕ್ಕೂ ಮೊದಲೇ ಒಂದು ಸೌಟು ತೆಗೆದಿಟ್ಟಿದ್ದೆ. ಅಷ್ಟು ಬುದ್ಧಿ ಇತ್ತು. ಗಾಜಿನ ಬಾಟಲಿಯನ್ನು ಹತ್ತು ನಿಮಿಷ ಕುದಿಸಿ, ಕೈಗೆ ಬಟ್ಟೆ ಸುತ್ತಿಕೊಂಡು ಎತ್ತಿ, ಆ ಬಿಸಿಬಿಸಿ ಬಾಟಲಿಗೇ ಹೆಪ್ಪು ಸುರಿದು ಮುಚ್ಚಳ ಬಿಗಿದೆ. ಆಸ್ಪತ್ರೆಯಲ್ಲಿ ಮಾಡುವ ಹಾಗೆಯೇ. ಸಬಾಗೆ ಸೋಡಾ, ಕುದಿನೀರು. ಮೂರು ಸಲ. ಬಿಸಿಲಿಗೆ ಒಣಗಿಸಿದೆ.

ಈಗ ಒಳಗೆ ಹೊಸ ಹಾಲು, ಅದಕ್ಕೆ ಬಾಟಲಿಯ ಹೆಪ್ಪು. ಸಾವಿರದ ಇನ್ನೂರು ಸಲ ಕಡೆದೆ. ಸ್ವಚ್ಛ, ಘಮಘಮ.

ಜೂನ್ 28, ಬೆಳಗ್ಗೆ 6

ಹುಳಿ ಬಂದಿಲ್ಲ. ನೊರೆಯೂ ಇಲ್ಲ. ಕಿವಿ ಇಟ್ಟು ಕೇಳಿದೆ — ದಿನಾ ಒಳಗೆ ಗುಸುಗುಸು ಅನ್ನುತ್ತಿತ್ತು. ಸದ್ದೇ ಇಲ್ಲ.

10 ಗಂಟೆ

ಸಿಹಿ ಹಾಲು, ಸೋಡಾ ವಾಸನೆ.

ಬಾಟಲಿ. ಬಿಸಿ ಬಾಟಲಿ. ಕೊಂದೆ. ಹನ್ನೊಂದು ವರ್ಷ ಕಲಿತದ್ದು ಅದೊಂದೇ ಅಲ್ಲವೇ, ಏನಿದ್ದರೂ ಬಿಸಿ ಮಾಡಿ ಕೊಲ್ಲುವುದು.

ರಾತ್ರಿ ಊಟಕ್ಕೆ ಮೊದಲು

ತಲೆನೋವು, ಸ್ವಲ್ಪ ಗಾಳಿಗೆ ಹೋಗಿ ಬರುತ್ತೇನೆ ಅಂತ ಬುರುಲ್‌ಗೆ ಸುಳ್ಳು ಹೇಳಿ ಕುದುರೆ ಹತ್ತಿದೆ. ಗುಡ್ಡದಾಚೆ ಜಿಪಾರ್ ಎಂಬವಳ ಕ್ಯಾಂಪ್. ಅಪಾಗೂ ಅವಳಿಗೂ ಯಾರ ಕಿಮಿಜ್ ಹೆಚ್ಚು ಎಂಬುದರ ಮೇಲೆ ವರ್ಷಗಳಿಂದ ಶೀತಲ ಯುದ್ಧ. ಐದು ಲೀಟರ್ ಕ್ಯಾನ್ ಮುಂದಿಟ್ಟೆ.

"ಉಲ್ಕಾನ್ ಮನೇಲಿ ಕಿಮಿಜ್‌ಗೆ ಬರ ಬಂತಾ?" ಸೊಂಟದ ಮೇಲೆ ಕೈಯಿಟ್ಟು ನಿಂತಳು ಜಿಪಾರ್.

"ಗೆಸ್ಟ್ ಜಾಸ್ತಿ ಬಂದ್ರು."

"ನಂದನ್ನ ಅವಳದು ಅಂತ ಕುಡಿಸ್ತೀರೇನೋ! ತಗೊಂಡ್ ಹೋಗು, ನಿಜವಾದ ಕಿಮಿಜ್ ಹೆಂಗಿರತ್ತೆ ಅಂತ ಅವರಿಗೂ ಗೊತ್ತಾಗ್ಲಿ."

ಕ್ಯಾನ್ ತುಂಬಿಸಿಕೊಟ್ಟಳು. ಸಿಹಿ ಹಾಲನ್ನು ನಾಯಿಗಳಿಗೆ ಸುರಿದು ಕ್ಯಾನಿನದನ್ನೇ ಸಬಾಗೆ ಹಾಕಿದೆ. ಕಡೆದೆ. ಅಳುತ್ತಾ ಕಡೆದೆ. ಎಷ್ಟು ಸಲ ಅಂತ ಎಣಿಸಲಿಲ್ಲ.

ಜುಲೈ 1

ಅಪಾ ಬಂದರು. ಕುದುರೆಯಿಂದ ಇಳಿದವರೇ, "ಒಂದು ಬಟ್ಟಲು ಕೊಡು ಮಗಳೇ, ಐದು ದಿನದಿಂದ ಬಾಯಿ ಒಣಗಿದೆ."

ಕೊಟ್ಟೆ. ಒಂದು ಗುಟುಕು ಕುಡಿದರು. ಬಾಯಲ್ಲೇ ಇಟ್ಟುಕೊಂಡರು. ಇನ್ನೊಂದು ಗುಟುಕು. ಬಟ್ಟಲನ್ನು ಮಗನಿಗೆ ಕೊಟ್ಟರು.

"ನೋಡೋ ಎಸೆನ್, ಹೆಂಗಿದೆ?"

"ಚೆನ್ನಾಗಿದೆ ಅಪಾ. ಯಾಕೆ?"

ಎಸೆನ್‌ಗೆ ಹುಳಿ ಇದ್ದರೆ ಸಾಕು. ಬುರುಲ್ ಕೂಡ ಚಪ್ಪರಿಸಿ ಚೆನ್ನಾಗಿದೆ ಅಂದಳು. ಅಪಾ ನನ್ನ ಮುಖ ನೋಡಿದರು.

ಚೆನ್ನಾಗಿದೆ ಅಪಾ ಅಂದೆ.

ಜುಲೈ 2

ಅಪಾ ಬೆಳಗ್ಗೆ ಉಪ್ಪಿನ ಡಬ್ಬಿಯ ಮುಂದೆ ಕೂತಿದ್ದರು. ಬೆರಳಲ್ಲಿ ತೆಗೆದು ನೆಕ್ಕುವುದು, ಕಣ್ಣು ಮುಚ್ಚುವುದು. ಆಮೇಲೆ ಸಕ್ಕರೆ. ನನ್ನನ್ನು ಕಂಡು ಡಬ್ಬಿ ಮುಚ್ಚಿದರು.

ಮಧ್ಯಾಹ್ನ ಕಡೆಗೋಲನ್ನು ಬುರುಲ್ ಕೈಗೆ ಕೊಟ್ಟರು. "ಇನ್ಮೇಲೆ ನೀನೇ ನೋಡ್ಕೋ. ನನ್ನ ನಾಲಿಗೆ ಸತ್ತಿದೆ." ಬುರುಲ್ ತಮಾಷೆ ಅಂದುಕೊಂಡು ನಕ್ಕಳು. ಯಾರೂ ಜೊತೆಗೆ ನಗಲಿಲ್ಲ.

ಜುಲೈ 5

ಇವತ್ತಿನದನ್ನು ಬರೆಯಲೇಬೇಕು. ಬರೆಯದಿದ್ದರೆ ಇದನ್ನೂ ಮುಚ್ಚಿಟ್ಟ ಹಾಗಾಗುತ್ತದೆ.

ಅಪಾ ನನ್ನನ್ನು ಗುಡಾರದ ಹಿಂದೆ ಕರೆದುಕೊಂಡು ಹೋದರು. ಮೆಲ್ಲಗೆ ಕೇಳಿದರು. "ನೀನು ನರ್ಸು. ನಿಜ ಹೇಳು. ಇದು ಶುರುವಾಗೋದು ಹಿಂಗೇನಾ? ಉಪ್ಪು ಗೊತ್ತಾಗತ್ತೆ, ಸಕ್ಕರೆ ಗೊತ್ತಾಗತ್ತೆ. ನಮ್ಮತ್ತೆ ಹೆಪ್ಪು ಮಾತ್ರ ಗೊತ್ತಾಗಲ್ಲ. ಐವತ್ತು ವರ್ಷ ಕುಡಿದಿದ್ದು. ಬೇರೆ ಯಾರದೋ ಮನೇದು ಅನ್ಸತ್ತೆ. ಅಕ್ಕನೂ ಹಿಂಗೇ ಅಂತಿದ್ಲು — ಇದು ನಮ್ಮನೆ ಅಲ್ಲ, ನಮ್ಮನೆ ಅಲ್ಲ ಅಂತ."

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ.

"ವಯಸ್ಸಾದ ಮೇಲೆ ಹಿಂಗೆಲ್ಲ ಆಗತ್ತೆ ಅಪಾ" ಅಂದೆ.

ತಲೆ ಆಡಿಸಿದರು. ನನ್ನ ಕೈ ಹಿಡಿದು ತಟ್ಟಿದರು. ಸಮಾಧಾನ ಮಾಡಿದ್ದು ಅವರು, ನನಗೆ!

ಥೂ ನನ್ನ ಜನ್ಮಕ್ಕೆ.

ಜುಲೈ 9

ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ.

ಅಪಾ ಹಾಲು ಕರೆಯುವುದನ್ನೂ ಬಿಟ್ಟರು. ಎಸೆನ್ ನಾಳಿದ್ದಿಗೆ ಕಾರು ಹೇಳಿದ್ದಾನೆ. ನರಿನ್ ಪಟ್ಟಣದ ಡಾಕ್ಟರ್ ಹತ್ತಿರ, ಆಮೇಲೆ ಕೊಚ್‌ಕೋರ್ ಚಳಿಗಾಲದ ಮನೆಯಲ್ಲೇ ಇರಲಿ ಎಂಬ ಮಾತು. ಬೇಸಿಗೆಯಲ್ಲಿ ಕೆಳಗೆ! ಎಪ್ಪತ್ತೆರಡು ಬೇಸಿಗೆ ಈ ಹುಲ್ಲುಗಾವಲಿನಲ್ಲೇ ಕಳೆದವರು. ಅಪಾ ಒಂದು ಮಾತೂ ಎದುರಾಡಲಿಲ್ಲ, ಪೆಟ್ಟಿಗೆ ಜೋಡಿಸುತ್ತಿದ್ದಾರೆ. ಜೋಡಿಸುವಾಗ ಒಂದೊಂದರ ಹೆಸರನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಶಾಲು. ಕತ್ತರಿ. ಅತ್ತೆಯ ಬೆಳ್ಳಿ ಗುಂಡಿ. ಮರೆತಿಲ್ಲ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ.

ನನ್ನ ಕೆಮ್ಮು ಪೂರ್ತಿ ಹೋಗಿದೆ. ಆ ಹೆಪ್ಪೇ ವಾಸಿ ಮಾಡಿದ್ದು. ಎರಡು ಮೂರು ದಿನದಲ್ಲಿ ನಾನೂ ಹೊರಟುಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಯೋಚಿಸಿದ್ದೂ ನಿಜ, ಬರೆದಿಡುತ್ತೇನೆ.

ಜುಲೈ 10, ಮಧ್ಯಾಹ್ನ

ಹೇಳಿದೆ.

ಪೆಟ್ಟಿಗೆಯ ಪಕ್ಕ ಮಂಡಿಯೂರಿ ಹೇಳಿದೆ. ನೊಣ, ಸೋಡಾ, ಬಾಟಲಿ, ಜಿಪಾರ್. ವಯಸ್ಸು ಅಂದದ್ದೂ ಸುಳ್ಳು ಎಂದೆ. ಅಪಾ ಮಡಿಸುತ್ತಿದ್ದ ಶಾಲನ್ನು ಕೆಳಗಿಡಲಿಲ್ಲ.

"ಒಂದು ಬಟ್ಟಲು ತಾ."

ತಂದೆ. ಕುಡಿದರು. ಬಾಯಲ್ಲಿ ಹೊರಳಿಸಿದರು.

"ಜುನಿಪರ್ ಹೊಗೆ! ಜಿಪಾರ್ ಚೀಲಕ್ಕೆ ಜುನಿಪರ್ ಹೊಗೇನೇ ಹಾಕೋದು. ನಮ್ದು ತಬಿಲ್ಗಿ ಗಿಡದ ಕಡ್ಡಿ ಹೊಗೆ. ಮೊದಲನೇ ಗುಟುಕಿಗೇ ಗೊತ್ತಾಗಿತ್ತು ನಂಗೆ!" ತೊಡೆ ತಟ್ಟಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸೋಮಾರಿ ಮುಂಡೇದು, ಅರ್ಧ ದಿನವೂ ಕಡಿಯಲ್ಲ ಅವಳು, ಅದೂ ಗೊತ್ತಾಗಿತ್ತು! ಎಸೆನ್! ಏಯ್ ಎಸೆನ್! ಕಾರು ಬೇಡ ಅನ್ನು! ನನ್ನ ನಾಲಿಗೆ ಸರಿಯಾಗಿದೆ ಕಣೋ, ನಿಮ್ಮೆಲ್ಲರ ನಾಲಿಗೆಗಿಂತ ಸರಿಯಾಗಿದೆ!"

ನಾನೂ ನಗಬೇಕೋ ಏನೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ಸಬಾ ಕಡೆ ಹೋಯಿತು. ನಗು ನಿಂತಿತು. ಎದ್ದು ಹೋಗಿ ಅದರ ಪಕ್ಕ ಕೂತರು. ಬಾಯಿ ಬಿಚ್ಚಿ ಮೂಸಿದರು. ಕೈಯನ್ನು ಒಳಗೆ ಭುಜದವರೆಗೆ ಇಳಿಸಿ ಒಳಮೈ ಸವರಿದರು, ಎಲ್ಲಾದರೂ ಒಂದು ಚೂರು ಅಂಟಿಕೊಂಡಿರಬಹುದೇ ಎಂದು.

"ಯುದ್ಧದಲ್ಲಿ ಉಳಿದಿತ್ತು" ಅಂದರು. ನನಗಲ್ಲ. ಯಾರಿಗೂ ಅಲ್ಲ.

ಜುಲೈ 11, ಬೆಳಗ್ಗೆ

ಹೋಗು ಅಂತ ಯಾರೂ ಹೇಳಿಲ್ಲ. ಇರು ಅಂತಲೂ. ಬುರುಲ್ ಚಹಾ ಕೊಟ್ಟಳು, ಮುಖ ನೋಡಲಿಲ್ಲ. ಎಸೆನ್ ಬೆಳಗ್ಗೆಯಿಂದ ಕುದುರೆ ಜೀನಿನ ಪಟ್ಟಿಯನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದಾನೆ, ಅದು ಬಿಗಿಯಾಗೇ ಇದೆ.

ಚೀಲ ಕಟ್ಟಿಟ್ಟಿದ್ದೇನೆ. ಬೇಕಾದರೆ ಬಿಚ್ಚಲೂ ಬರುತ್ತದೆ.

ಅಪಾ ಹೊರಗೆ ಹಾಲು ಕರೆಯುವ ಬಕೆಟ್ ತೊಳೆಯುತ್ತಿದ್ದಾರೆ. ತಣ್ಣೀರಲ್ಲಿ. ಅಂಗಿ ತೋಳು ಮಡಿಸಿದ್ದಾರೆ, ಎಷ್ಟೋ ದಿನದ ನಂತರ. ಕಂದು ಮರಿ ಹಗ್ಗ ಜಗ್ಗುತ್ತಿದೆ, ಹಿಡಿಯುವವರು ಯಾರೂ ಇಲ್ಲ.

ಕರೆಯುತ್ತಿದ್ದಾರೆ. "ಕನಿಶಾಯ್!"

ನನ್ನ ಹೆಸರು ಹಿಡಿದು. ಬಂದಾಗಿನಿಂದ ಒಂದು ಸಲವೂ ಹೆಸರು ಹಿಡಿದು ಕರೆದಿರಲಿಲ್ಲ, ಮಗಳೇ ಅಂತಲೇ ಕರೆಯುತ್ತಿದ್ದರು.

ಮತ್ತೆ ಕರೆದರು. ಮರಿ ಹಿಡಿಯಲಿಕ್ಕೋ, ಇಲ್ಲ ಹೊರಡು ಅನ್ನಲಿಕ್ಕೋ. ಹೋಗುತ್ತಿದ್ದೇನೆ.