ಹೈಹೀಲ್ಸ್ ಹಾಕಿದ ವಿಲ್ಲಿಸ್ ಜೀಪು

ಆರ್ಸೇಸಿಯೋ,

ಎದ್ದವನೇ ಜೀಪು ಎಲ್ಲಿ ಅಂತ ಕೂಗಾಡಬೇಡ. ಅಮ್ಮನೂ ನಾನೂ ಕಾಫಿ ಮೂಟೆ ಹೇರಿಕೊಂಡು ಕಲರ್ಕಾ ಪೇಟೆಗೆ ಹೋಗಿದ್ದೇವೆ.

ನೀನು ಹೊಸದಾಗಿ ಹಾಕಿಸಿದ ದೊಡ್ಡ ಟೈರುಗಳನ್ನು ಬಿಚ್ಚಿ ಜಗಲಿಯಲ್ಲಿಟ್ಟು, ಹಳೆಯ ಸಣ್ಣವನ್ನೇ ಹಾಕಿದ್ದೇನೆ. ಒಂದರ ಮೇಲೆ ಆಗಲೇ ಕೆಂಪು ಕೋಳಿ ಹತ್ತಿ ಕೂತಿದೆ, ಎಬ್ಬಿಸಬೇಡ.

ನೋಡೋಕೆ ಚೆಂದ ಇದ್ದವು, ಇಲ್ಲ ಅನ್ನಲ್ಲ. ಆದರೆ ಚಕ್ರ ದೊಡ್ಡದಾದರೆ ಒಂದನೇ ಗೇರು ಎರಡನೇ ಗೇರಿನ ಹಾಗೆ ಆಡುತ್ತೆ ಕಣೋ. ಅದಕ್ಕೇ ನಿನ್ನೆ ಏರಿನ ಮಧ್ಯೆ ಜೀಪು ಉಸಿರು ಕಟ್ಟಿ ಹಿಂದಕ್ಕೆ ಜಾರಿದ್ದು. ಆ ಟೈರಿದ್ದರೆ ಜೀಪು ಹತ್ತೋಕೇ ಒಲ್ಲೆ ಅಂದಳು ಅಮ್ಮ ಇವತ್ತು: "ಮುದುಕಿಗೆ ಹೈಹೀಲ್ಸ್ ಹಾಕಿ ಗುಡ್ಡ ಹತ್ತು ಅಂದ್ರೆ ಹತ್ತುತ್ತಾಳೇನೇ?"

ಅವೇ ಬೇಕು ಅಂತ ಹಟವಿದ್ದರೆ ಹಿಂದೆ ಮುಂದೆ ಎರಡೂ ಆಕ್ಸಲ್ಲಿನ ಹಲ್ಲುಚಕ್ರದ ಜೋಡಿ, ಅದೇ ಕ್ರೌನು ಪಿನಿಯನ್ನು, ಬದಲಿಸು. ಒಂದಕ್ಕೇ ಹಾಕಿದರೆ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ದಿನಾ ಜಗಳ. ಈ ಮನೆಗೆ ನಮ್ಮಿಬ್ಬರದೇ ಸಾಕು.

ಅರೆಪಾ ರೊಟ್ಟಿ ಒಲೆ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು.

ಜೀಪು ಏರು ಹತ್ತೀತೋ ಇಲ್ಲವೋ ಅನ್ನೋ ಚಿಂತೆ ಬೇಡ. ಬೆಳಗಾಗುತ್ತಲೇ ಮೂಟೆ ಸಮೇತ ನಿನ್ನ ಕಿಟಕಿ ಪಕ್ಕದ ಆ ಏರನ್ನೇ ಹತ್ತಿಸಿ ನೋಡಿದೆ. ನಿನ್ನೆ ಅದು ಅರಚಿದ್ದು ಊರಿಗೆಲ್ಲ ಕೇಳಿತ್ತು. ಇವತ್ತು ನಿನ್ನ ಗೊರಕೆ ಕೂಡ ನಿಲ್ಲಲಿಲ್ಲ.

ಅಕ್ಕ ನುಬಿಯಾ