ಪೇಟೆ ಬಿದ್ದ ದಿನದ ಫೋನು

ಹೂಡಿಕೆ ಸಲಹೆಗಾರರಿಗೆ ನಮಸ್ಕಾರ.

ನಿಮ್ಮ ಕಚೇರಿಯ ಸುತ್ತೋಲೆ ತಲುಪಿತು. ಇನ್ನು ಮೇಲೆ ನನ್ನ ಹೂಡಿಕೆಯನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದಂತೆ. ಸಂತೋಷ.

ಯಜಮಾನರು ಹೋದಮೇಲೆ ಅವರ ಷೇರುಗಳ ತಲೆಬುಡ ತಿಳಿಯದೆ ನಿಮ್ಮ ಮೇಜಿನ ಮುಂದೆ ಕೂತಿದ್ದೆ. ಇದ್ದದ್ದೆಲ್ಲ ಒಂದೇ ಕಂಪನಿಯಲ್ಲಿತ್ತು. ನೀವು ತಾಳ್ಮೆಯಿಂದ ಅದನ್ನು ಷೇರು, ಬಾಂಡು, ಚಿನ್ನ ಎಂದು ಹಂಚಿದಿರಿ. ವರ್ಷಕ್ಕೊಮ್ಮೆ ಹೆಚ್ಚು ಬೆಳೆದದ್ದನ್ನು ಸ್ವಲ್ಪ ಮಾರಿ, ಹಿಂದುಳಿದದ್ದಕ್ಕೆ ಸೇರಿಸಿ, ತೂಕ ಸರಿಮಾಡುತ್ತಿದ್ದಿರಿ. ಷೇರು ಪೇಟೆ ಕುಸಿದಾಗಲೆಲ್ಲ ನೀವೇ ಫೋನ್ ಮಾಡಿ, "ಅಮ್ಮ, ಗಾಬರಿ ಬೀಳ್ಬೇಡಿ, ಈಗ ಏನೂ ಮಾರ್ಬೇಡಿ. ಊಟ ಆಯ್ತಾ?" ಎನ್ನುತ್ತಿದ್ದಿರಿ. ನಾನು ಅಡುಗೆಮನೆಯ ಕುರ್ಚಿ ಎಳೆದುಕೊಂಡು ಬಂದು, ಕೂತು ಮಾತಾಡುತ್ತಿದ್ದೆ.

ಕಳೆದ ವಾರ ಪೇಟೆ ಮತ್ತೆ ಬಿತ್ತು. ಫೋನಿನ ಪಕ್ಕದಲ್ಲೇ ಕಾದೆ. "ನಿಮ್ಮ ಹೂಡಿಕೆ ಸಮತೋಲನದಲ್ಲಿದೆ" ಎಂದು ಕಂಪ್ಯೂಟರಿನ ಸಂದೇಶ ಬಂತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಕಚೇರಿಗೆ ನಾನೇ ಫೋನ್ ಮಾಡಿದೆ. ಅಲ್ಲಿನ ಹುಡುಗಿ, "ನಿಮ್ಮದು ಧೈರ್ಯಸ್ಥರ ವರ್ಗ ಮೇಡಂ. ನಷ್ಟಕ್ಕೆ ಹೆದರೋರಿಗೆ ಮಾತ್ರ ನಾವು ಫೋನ್ ಮಾಡೋದು" ಎಂದಳು.

ಮೊದಲ ದಿನ ನೀವು, "ನಷ್ಟ ಆದ್ರೆ ರಾತ್ರಿ ನಿದ್ದೆ ಬರುತ್ತಾ?" ಎಂದು ಕೇಳಿದ್ದಿರಿ. ಆಯುಷ್ಯವಿಡೀ ಬೇರೆಯವರಿಗೆ ಧೈರ್ಯ ಹೇಳಿದ ನರ್ಸು ನಾನು, "ಬರುತ್ತೆ" ಎಂದು ಜಂಬದಿಂದ ಹೇಳಿದ್ದೆ. ದಯವಿಟ್ಟು ನನ್ನ ಕಡತದಲ್ಲಿ ಅದನ್ನು "ಬರುವುದಿಲ್ಲ" ಎಂದು ತಿದ್ದಿಸಿ. ಹಂಚಿಕೆಯನ್ನು ಮಾತ್ರ ಮುಟ್ಟಬೇಡಿ, ಅದು ಚೆನ್ನಾಗಿದೆ.

ಪೇಟೆ ಏರಿದ ದಿನ ಫೋನ್ ಮಾಡಿದರೂ ಪರವಾಗಿಲ್ಲ. ಮನೆಯಲ್ಲೇ ಇರುತ್ತೇನೆ.

ಇಂತಿ,
ನಿಮ್ಮ ಹಳೆಯ ಗ್ರಾಹಕಿ